ಎದೆಯ ಕಫ ಹೊರಗೆ ಹಾಕುವುದು ಹೇಗೆ?

ಪಾಂಡವಪುರದ ಹತ್ತಿರ ಇರುವ ನಮ್ಮ ಚಿಕ್ಕಪ್ಪನಿಗೆ ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಲೋಟ ಕಫ. ಹಳೇ ಟಿಬಿ ಮತ್ತೆ ಬಂತು ಅಂತ ಮನೆಯವರೆಲ್ಲ ಹೆದರಿದ್ದರು. ಕಫ ಪರೀಕ್ಷೆಯಲ್ಲಿ ಟಿಬಿ ಇರಲಿಲ್ಲ, ಎಕ್ಸ್‌ರೇ ನೋಡಿ ಹಳೇ ಕಲೆ ಅಂದರು, ಎರಡು ವರ್ಷ ಸುಮ್ನೆ ಸಿರಪ್ ಕುಡಿಸಿದ್ದಾಯಿತು. ಕೊನೆಗೆ ಮೈಸೂರಿನಲ್ಲಿ ಎದೆಯ ಸೂಕ್ಷ್ಮ ಸಿಟಿ ಸ್ಕ್ಯಾನ್, ಅಂದರೆ ಎಚ್‌ಆರ್‌ಸಿಟಿ ಮಾಡಿಸಿದಾಗ ಹೆಸರು ಸಿಕ್ಕಿತು: ಬ್ರಾಂಕಿಯೆಕ್ಟಾಸಿಸ್.

ಉಸಿರು ಕೊಳವೆಗಳು ಹಿಗ್ಗಿ ಹಾಗೇ ಉಳಿದುಬಿಡುವ ಕಾಯಿಲೆ ಇದು. ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ಕೂದಲುಗಳು ಸೋತಿರುತ್ತವೆ. ಹೂಳು ತುಂಬಿದ ನಾಲೆ ನೋಡಿದ್ದೀರಲ್ವಾ, ಹಾಗೆ. ನಿಂತ ಕಫದಲ್ಲಿ ಸೋಂಕು ಬೆಳೆಯುತ್ತದೆ, ಸೋಂಕು ಕೊಳವೆಯನ್ನು ಇನ್ನಷ್ಟು ಕೆಡಿಸುತ್ತದೆ. ಟಿಬಿ, ಚಿಕ್ಕಂದಿನ ನ್ಯುಮೋನಿಯಾ, ನಾಯಿಕೆಮ್ಮು ಇದಕ್ಕೆ ದಾರಿ ಮಾಡಿರಬಹುದು. ಹಿಗ್ಗಿದ್ದು ಕುಗ್ಗುವುದಿಲ್ಲ. ಹೂಳು ಮಾತ್ರ ದಿನಾ ತೆಗೆಯಬಹುದು.

ಅದಕ್ಕೊಂದು ಉಸಿರಾಟದ ಅಭ್ಯಾಸ ಇದೆ: ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ, 10ರಿಂದ 20 ನಿಮಿಷ ಸಾಕು. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತುಕೊಳ್ಳಿ. ನೆಟ್ಟಗೆ ಕೂತು ಭುಜ ಸಡಿಲ ಬಿಡಿ. ಒಂದು ನಿಮಿಷ ಮೆಲ್ಲಗೆ, ಹೊಟ್ಟೆ ಏರಿಳಿಯುವ ಹಾಗೆ ಉಸಿರಾಡಿ. ಆಮೇಲೆ ಮೂರ್ನಾಲ್ಕು ಸಲ ಆಳವಾಗಿ ಎಳೆದು, ಎರಡು ಮೂರು ಸೆಕೆಂಡ್ ಹಿಡಿದು, ಬಿಡಿ. ಮತ್ತೆ ಮೆಲ್ಲಗೆ. ಈಗ ಬರುವುದೇ ಮುಖ್ಯ, ಹಫ್: ಕನ್ನಡಕ ಒರೆಸುವ ಮುಂಚೆ ಗಾಜಿಗೆ ಆವಿ ಹಿಡಿಸಲು 'ಹಾ' ಅಂತೀವಲ್ಲ, ಅದೇ. ಸಾಧಾರಣ ಉಸಿರು ತೆಗೆದುಕೊಂಡು ಉದ್ದಕ್ಕೆ ಹಾ ಅಂದರೆ ಆಳದ ಕಫ ಮೇಲೆ ಬರುತ್ತದೆ. ದೊಡ್ಡ ಉಸಿರೆಳೆದು ಚುಟುಕಾಗಿ ಅಂದರೆ ಗಂಟಲ ಹತ್ತಿರದ್ದು ಕದಲುತ್ತದೆ. ಆಗ ಕೆಮ್ಮಿ ಉಗಿಯಿರಿ. ಗಂಟಲು ಹರಿಯುವ ಹಾಗೆ ಕೆಮ್ಮಬೇಡಿ. ಚಿಕ್ಕಪ್ಪ ಮೊದಲ ವಾರ ನಾಚಿಕೊಂಡು ಕೊಟ್ಟಿಗೆ ಹಿಂದೆ ಹೋಗಿ ಮಾಡುತ್ತಿದ್ದರು, ಎಮ್ಮೆಗಳು ಬೆಚ್ಚಿ ನೋಡುತ್ತಿದ್ದವಂತೆ.

ಕಫದ ಬಣ್ಣ ದಿನಾ ನೋಡಿ. ಹಸಿರಾಗಿ, ಜಾಸ್ತಿಯಾಗಿ, ಏದುಸಿರು ಬಂದರೆ ಡಾಕ್ಟರ್ ಹತ್ತಿರ ಹೋಗಿ, ಆಂಟಿಬಯೋಟಿಕ್ ಶುರು ಮಾಡುವ ಮುಂಚೆಯೇ, ಯಾವ ರೋಗಾಣು ಅಂತ ಬೆಳೆಸಿ ನೋಡುವ ಕಲ್ಚರ್‌ಗೆ ಕಫ ಕೊಡಿ. ಮಾತ್ರೆ ಸಾಮಾನ್ಯವಾಗಿ 14 ದಿನ. ನಾಲ್ಕನೇ ದಿನ ಹಗುರ ಆಯ್ತು ಅಂತ ಬಿಡಬೇಡಿ. ಕಫದಲ್ಲಿ ರಕ್ತದ ಗೆರೆ ಕಂಡರೆ ಹೇಳಿ, ರಕ್ತವೇ ಬಂದರೆ ನೇರ ತುರ್ತು ಚಿಕಿತ್ಸೆಗೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೋನಿಯಾ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳಿ.

ಕಬ್ಬಿನ ತರಗು ಸುಡುವ ಹೊತ್ತಿಗೆ ಗದ್ದೆ ಕಡೆ ಹೋಗಬೇಡಿ. ಆಲೆಮನೆ ಹೊಗೆಯೂ ಬೇಡ. ಇದೊಂದನ್ನು ಮಾತ್ರ ಚಿಕ್ಕಪ್ಪ ಕೇಳುವುದಿಲ್ಲ, ಬಿಸಿ ಬೆಲ್ಲ ಇಳಿಸುತ್ತಾರೆ ಅಂತ ಗೊತ್ತಾದರೆ ಹೊರಟೇ ಬಿಡುತ್ತಾರೆ.