ಐದನೇ ಗೇರ್ ಕೊಟ್ಟು ಮೂರನೇ ಗೇರ್ ಉಳಿಸಿಕೊಂಡದ್ದು: ಟರ್ಬೊ ಎಸ್ಟೀಮ್‌ನ ಗೇರ್‌ಬಾಕ್ಸ್, ನನ್ನ ಅನುಭವ

ಟರ್ಬೊ ಕೂರಿಸಿದ ಮಾರುತಿ ಎಸ್ಟೀಮ್‌ನಲ್ಲಿ ಕಂಪನಿಯ ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುತ್ತೇನೆ ಎಂದಾಗ ಬೆಂಗಳೂರಿನ ನಮ್ಮ ಬಳಗದಲ್ಲಿ ತಲೆಯಾಡಿಸಿದವರು ಒಬ್ಬರೂ ಇರಲಿಲ್ಲ. ಒಂದೋ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಇಳಿಸು, ಇಲ್ಲವೇ ಹೊರದೇಶದಿಂದ ನೇರ ಹಲ್ಲಿನ ಗೇರ್ ಸೆಟ್ ತರಿಸು ಎಂಬುದೇ ಎಲ್ಲರ ತೀರ್ಪಾಗಿತ್ತು. ಆ ಸೆಟ್ಟಿಗೆ ಸುಂಕ, ಸಾಗಣೆ ಎಲ್ಲ ಸೇರಿ ಮೂರು ಲಕ್ಷ ದಾಟುತ್ತದೆಂದು ತಿಳಿದ ಮೇಲೆ, ಅಷ್ಟು ಬೆಲೆಬಾಳದ ಕಾರಿಗೆ ಅಷ್ಟು ಖರ್ಚು ಮಾಡುವ ಮನಸ್ಸಾಗಲಿಲ್ಲ. ಅದೇ ಹಳೆಯ ಬಾಕ್ಸ್ ಈಗ ಒಂದೆರಡು ಸೀಸನ್‌ಗಳಿಂದ 0.9 ಬಾರ್ ಬೂಸ್ಟ್ ತಡೆದುಕೊಂಡು ಓಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ 16 ವಾಲ್ವ್‌ನ 1298 ಸಿಸಿ ಜಿ13ಬಿಬಿ. ಕಂಪನಿ ಕೊಟ್ಟದ್ದು 85 ಬಿಎಚ್‌ಪಿ ಮತ್ತು ಸುಮಾರು 110 ನ್ಯೂಟನ್ ಮೀಟರ್ ಟಾರ್ಕ್. ಸೆಕೆಂಡ್ ಹ್ಯಾಂಡ್ ಟಿಡಿ04 ಟರ್ಬೊ ಮತ್ತು ಸ್ವತಂತ್ರ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಕಿದ ಮೇಲೆ ಚಕ್ರದಲ್ಲಿ ನೂರೈವತ್ತರ ಆಸುಪಾಸಿನ ಬಿಎಚ್‌ಪಿಯೂ ಇನ್ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಟಾರ್ಕ್ ಕೂಡ ಸಿಗುತ್ತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂತಹ ಬದಲಾವಣೆಯನ್ನು ಒಪ್ಪುವುದಿಲ್ಲವಾದ್ದರಿಂದ ಈ ಕಾರು ರಸ್ತೆಗಿಳಿಯುವುದಿಲ್ಲ; ಟ್ರೈಲರ್ ಮೇಲೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ ಬರುತ್ತದೆ. ಮುಂದೆ ಹೇಳುವ ಉಪಾಯಕ್ಕೆ ಇದೇ ಆಧಾರ.

ಪ್ರತಿ ಸಲವೂ ಮುರಿದು ಹೋಗುತ್ತಿದ್ದುದು ಮೂರನೇ ಗೇರ್. ಒಂದು, ಎರಡರಲ್ಲಿ ಟೈರ್ ಜಾರಿ ಹೊಡೆತ ತಪ್ಪುತ್ತದೆ. ಮೂರರಲ್ಲಿ ಟೈರ್ ಹಿಡಿದುಕೊಳ್ಳುತ್ತದೆ, ಬೂಸ್ಟ್ ಪೂರ್ತಿ ಬಂದಿರುತ್ತದೆ, ಜೊತೆಗೆ ಆ ಗೇರ್ ಎರಡೂ ತುದಿಯ ಬೇರಿಂಗ್‌ಗಳಿಂದ ದೂರದಲ್ಲಿ, ಶಾಫ್ಟ್ ಹೆಚ್ಚು ಬಾಗುವ ನಡುಭಾಗದಲ್ಲಿದೆ. ಶಿವಾಜಿನಗರದ ಗುಜರಿಯಲ್ಲಿ ಒಂಬತ್ತು ಹತ್ತು ಸಾವಿರಕ್ಕೆ ಸಿಗುತ್ತಿದ್ದ ಬಾಕ್ಸ್‌ಗಳು ನನ್ನ ಬೇಡಿಕೆ ನೋಡಿಯೇ ಹದಿಮೂರಕ್ಕೆ ಏರಿದವು. ಒಂದು ಬಾಕ್ಸಿನಲ್ಲಂತೂ ಉದುರಿದ ಹಲ್ಲು ಡಿಫರೆನ್ಷಿಯಲ್ಲಿನ ದೊಡ್ಡ ಗೇರಾದ ಕ್ರೌನ್ ವೀಲಿಗೆ ಸಿಕ್ಕಿ, ಬಾಕ್ಸಿನ ಹೊರಕವಚವಾದ ಕೇಸಿಂಗನ್ನೇ ಒಡೆದುಕೊಂಡು ಹೊರಬಂದಿತ್ತು.

ಮುರಿದ ಹಲ್ಲುಗಳನ್ನು ಬಿಸಾಡದೆ ಇಟ್ಟುಕೊಂಡಿದ್ದೇ ಕೊನೆಗೆ ದಾರಿ ತೋರಿಸಿತು. ಬುಡದಲ್ಲಿ ಅರ್ಧದಷ್ಟು ಭಾಗ ನುಣುಪಾಗಿ, ಅಲೆಯಲೆಯಾದ ಗೆರೆಗಳಿಂದ ಕೂಡಿತ್ತು. ಉಳಿದರ್ಧ ಮಾತ್ರ ಒರಟು ಬೂದು ಬಣ್ಣದಲ್ಲಿತ್ತು. ಅಂದರೆ ಹಲ್ಲು ಒಂದೇ ಹೊಡೆತಕ್ಕೆ ಮುರಿದದ್ದಲ್ಲ, ಬಿರುಕು ಬಿಟ್ಟು ದಿನಗಟ್ಟಲೆ ಸವೆದು ಮುರಿದದ್ದು. ಜೋಡಿ ಗೇರ್ ತಾಗಿ ಹಲ್ಲಿನ ಮೇಲೆ ಮೂಡಿದ ಹೊಳೆಯುವ ಗುರುತು ಮಧ್ಯದಲ್ಲಿರದೆ ಒಂದು ತುದಿಯ ಅಂಚಿಗೆ ಸರಿದಿತ್ತು. ಹೆಲಿಕಲ್ ಹಲ್ಲುಗಳು ಎರಡು ಶಾಫ್ಟ್‌ಗಳನ್ನು ಪರಸ್ಪರ ದೂರ ತಳ್ಳುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಕೇಸಿಂಗಿನ ಬಿಸಿಯೂ ಸೇರುತ್ತದೆ: 70 ಮಿ.ಮೀ. ಅಲ್ಯೂಮಿನಿಯಂ 75 ಡಿಗ್ರಿ ಹೆಚ್ಚು ಬಿಸಿಯಾದರೆ 0.12 ಮಿ.ಮೀ. ಹಿಗ್ಗುತ್ತದೆ, ಉಕ್ಕು ಅದರ ಅರ್ಧದಷ್ಟು. ಹಾಗಾಗಿ ಗೇರ್ ದುರ್ಬಲವಲ್ಲ, ಅದನ್ನು ಹಿಡಿದಿರುವ ಕೇಸಿಂಗ್ ಬಿಟ್ಟುಕೊಡುತ್ತಿದೆ ಎಂದು ನಾನು ಪಟ್ಟು ಹಿಡಿದೆ.

ಎರಡು ಕಿಲೋಮೀಟರಿಗೆ ತುಸು ಹೆಚ್ಚಿನ ಆ ಟ್ರ್ಯಾಕಿನಲ್ಲಿ ನನಗೆ ಐದನೇ ಗೇರ್ ಬೇಕಾಗುವುದೇ ಇಲ್ಲ. ಈ ಬಾಕ್ಸಿನಲ್ಲಿ ಐದನೇ ಗೇರ್ ಜೋಡಿ ಕೇಸಿಂಗಿನ ಆಚೆ, ಸೈಡ್ ಕವರಿನ ಒಳಗೆ ಇರುತ್ತದೆ. ಅದನ್ನು ಪೂರ್ತಿ ತೆಗೆದು, ಆ ಜಾಗದಲ್ಲಿ ಹನ್ನೆರಡು ಮಿ.ಮೀ. ದಪ್ಪದ ಇಎನ್8 ಉಕ್ಕಿನ ಪ್ಲೇಟ್ ಕೂರಿಸಿ, ಎರಡೂ ಶಾಫ್ಟ್‌ಗಳ ತುದಿಯನ್ನು ಒಂದೇ ಪ್ಲೇಟಿನ ಎರಡು ಬೇರಿಂಗ್‌ಗಳಲ್ಲಿ ಬಂಧಿಸಿದೆ. ಬೇರಿಂಗಿನೊಳಗೆ ಕೂರುವ ಸ್ಲೀವುಗಳಿಗೆ ಹೊಸ ಸ್ಪ್ಲೈನ್ (ಶಾಫ್ಟಿಗೆ ಕಚ್ಚಿಕೊಳ್ಳುವ ಉದ್ದನೆಯ ಹಲ್ಲು) ಕೊರೆಸುವ ಖರ್ಚು ಬೇಡವೆಂದು, ಕೆಳಗಿನ ಶಾಫ್ಟಿಗೆ ಹಳೆಯ ಐದನೇ ಗೇರಿನ ಹಲ್ಲುಗಳನ್ನೂ ಮೇಲಿನದಕ್ಕೆ, ಗೇರ್ ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೋ ಹಬ್‌ನ ಹೊರಮೈಯನ್ನೂ ಗ್ರೈಂಡಿಂಗಿನಲ್ಲಿ ತೆಗೆಸಿ, ಉಳಿದ ಬುಡವನ್ನೇ ಬಳಸಿದೆ.

ಪೀಣ್ಯದಲ್ಲಿ ಪ್ಲೇಟ್ ಮಾಡಿಕೊಟ್ಟ ಮೇಸ್ತ್ರಿ ಡ್ರಾಯಿಂಗ್ ನೋಡಿ, "ಒಂದು ಶಾಫ್ಟಿಗೆ ಮೂರು ಬೇರಿಂಗ್ ಹಾಕಿದರೆ ಒಂದಕ್ಕೊಂದು ಜಗಳ ಆಡ್ತವೆ ಸಾರ್, ದುಡ್ಡು ಹಾಳು" ಎಂದಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ಅದಕ್ಕಾಗಿಯೇ ಬಾಲ್ ಬೇರಿಂಗ್ ಬಿಟ್ಟು, ಶಾಫ್ಟ್ ಉದ್ದಕ್ಕೆ ಸರಿಯಲು ಅವಕಾಶವಿರುವ ಎನ್‌ಯು ಮಾದರಿಯ ರೋಲರ್ ಬೇರಿಂಗ್ ಆರಿಸಿಕೊಂಡೆ. ಮೊದಲು ಮೂಲ ಬೇರಿಂಗ್‌ಗಳ ಶಿಮ್, ಅಂದರೆ ತೆಳು ಬಿಲ್ಲೆ, ಸರಿಪಡಿಸಿ (ಕೇಸಿಂಗಿನಿಂದ 0.1 ಮಿ.ಮೀ. ಸುಮಾರು ಮೇಲೆದ್ದಿರಬೇಕು), ಶಾಫ್ಟ್ ತಿರುಗಿಸುತ್ತಾ ಪ್ಲೇಟ್ ತನ್ನಷ್ಟಕ್ಕೆ ಕುಳಿತುಕೊಳ್ಳಲು ಬಿಟ್ಟು, ಆಮೇಲೆ ಪ್ಲೇಟನ್ನು ಅದೇ ಜಾಗದಲ್ಲಿ ಹಿಡಿಯುವ ಡೋವೆಲ್ ಪಿನ್ನುಗಳ ತೂತುಗಳನ್ನು ನಿಖರ ಅಳತೆಗೆ ರೀಮ್ ಮಾಡಿದೆ. ಅದನ್ನು ಎಷ್ಟು ಬಿಸಿಯಲ್ಲಿ ಮಾಡಿದೆ, ಬೇರಿಂಗಿಗೆ ಎಷ್ಟು ಸಡಿಲ ಬಿಟ್ಟೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದೆರಡು ಬಾಕ್ಸ್ ಕಳೆದುಕೊಂಡವರಿಗೆ ಅದು ತಾನಾಗಿಯೇ ಹೊಳೆಯುತ್ತದೆ.

ಮೊದಲ ಪ್ಲೇಟಿನ ಬೇರಿಂಗ್‌ಗಳು ಕೆಲವೇ ಸುತ್ತಿನಲ್ಲಿ ಸುಟ್ಟು ನೀಲಿಯಾದವು. ಸೈಡ್ ಕವರಿನೊಳಗೆ ಎಣ್ಣೆ ಎರಚುತ್ತಿದ್ದುದೇ ನಾನು ತೆಗೆದುಹಾಕಿದ ಐದನೇ ಗೇರಿನ ಹಲ್ಲುಗಳು. ತಗಡಿನ ಸಣ್ಣ ದೋಣಿಯೊಂದನ್ನು ಮಾಡಿ ಕೇಸಿಂಗಿನಿಂದ ಎಣ್ಣೆ ಹರಿದುಬರುವಂತೆ ತೂತು ಕೊರೆದು, ಅಳತೆಗಿಂತ ಮುನ್ನೂರು ಮಿ.ಲೀ.ನಷ್ಟು ಹೆಚ್ಚು ಎಣ್ಣೆ ತುಂಬಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ.

ಎಣ್ಣೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಜಿಎಲ್-5 ದರ್ಜೆಯ ಗೇರ್ ಎಣ್ಣೆ ಹಾಕಿ ನೋಡಿದಾಗ ಗೇರ್ ಶಬ್ದ ಇಳಿಯಿತಾದರೂ ಹಿತ್ತಾಳೆಯ ಸಿಂಕ್ರೋ ರಿಂಗ್ ಹಿಡಿಯದೆ ಗೇರ್ ಕರಕರ ಎನ್ನತೊಡಗಿತು. ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಎಣ್ಣೆ) ಬೆರೆಸಿದಾಗ ತಣ್ಣಗಿರುವಾಗ ಗೇರ್ ಬೆಣ್ಣೆಯಂತೆ ಬೀಳುತ್ತಿತ್ತು, ಬಿಸಿಯಾದೊಡನೆ ಬಾಕ್ಸ್ ಊಳಿಡುತ್ತಿತ್ತು. ಮರಳಿ ಜಿಎಲ್-4ರ 75ಡಬ್ಲ್ಯೂ-90ಕ್ಕೇ ಬಂದೆ. ಒಂದು ಗೇರ್ ಸೆಟ್ಟನ್ನು ದ್ರವ ಸಾರಜನಕದ ಶೀತ ಸಂಸ್ಕಾರಕ್ಕೂ ಕಳುಹಿಸಿದ್ದೆ. ಏಳು ಸಾವಿರ ಹೋಯಿತು, ನನ್ನ ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಸಣ್ಣ ಗುಂಡುಗಳಿಂದ ಬಡಿದು ಮೇಲ್ಮೈ ಗಟ್ಟಿ ಮಾಡುವ ಶಾಟ್ ಪೀನಿಂಗ್ ಮಾತ್ರ ಕೊಟ್ಟ ಕಾಸಿಗೆ ಮೋಸವಿಲ್ಲ, ಆದರೆ ಬೇರಿಂಗ್ ಕೂರುವ ಜಾಗಗಳನ್ನು ಮುಚ್ಚಿಯೇ ಕಳುಹಿಸಬೇಕು.

ಹೊರಡುವಾಗ ಚಕ್ರ ಕುಪ್ಪಳಿಸಿ ಕೊಡುವ ಏಟನ್ನು ತಡೆಯಲು ಎಂಜಿನ್ ಮೌಂಟಿಂಗ್‌ಗಳ ಪೊಳ್ಳಿಗೆ ಪಾಲಿಯುರೆಥೇನ್ ಸುರಿದು ಗಟ್ಟಿ ಮಾಡಿದೆ. ಡಿಫರೆನ್ಷಿಯಲ್‌ನ ಪಿನಿಯನ್ ಶಾಫ್ಟ್ ಹಿಡಿಯುವ ಸ್ಪ್ರಿಂಗ್ ಪಿನ್ನನ್ನು ಪ್ರತಿ ಸಲ ಬಿಚ್ಚಿದಾಗಲೂ ಹೊಸದು ಹಾಕುತ್ತೇನೆ. ಇಸಿಯುವಿನಲ್ಲಿ ಮೂರನೇ ಗೇರಿಗೆ ಬೂಸ್ಟ್ ನಿಧಾನವಾಗಿ ಏರುವಂತೆ ಮಾಡಿದ್ದೇನೆ. ಸೆರಾಮಿಕ್ ಬಟನ್ ಕ್ಲಚ್ ಹಾಕಿದ್ದರಿಂದ ಪಿಟ್‌ನಲ್ಲಿ ಕಾರು ಅದುರುತ್ತದೆ, ಅದನ್ನು ಸಹಿಸಿಕೊಂಡಿದ್ದೇನೆ.

ಪ್ಲೇಟಿನ ಕೆಲಸಕ್ಕೆ ಹದಿನಾಲ್ಕು ಸಾವಿರ, ಬೇರಿಂಗ್ ಮತ್ತು ಸೀಲ್‌ಗಳಿಗೆ ಒಂಬತ್ತು, ಪೀನಿಂಗ್‌ಗೆ ಮೂರು, ಕ್ಲಚ್‌ಗೆ ಹದಿನೆಂಟು, ಬಿಡಿ ಖರ್ಚು ಸೇರಿ ಐವತ್ತರ ಹತ್ತಿರ ಬಂತು. ಒಡೆದ ಬಾಕ್ಸ್‌ಗಳ ಲೆಕ್ಕ ಇದರಲ್ಲಿಲ್ಲ. ಕಳೆದ ಸಲ ಬಿಚ್ಚಿ, ಹಲ್ಲು ತಾಗುವ ಜಾಗ ತಿಳಿಯಲು ನೀಲಿ ಬಣ್ಣ ಹಚ್ಚಿ ನೋಡಿದಾಗ ಮೂರನೇ ಗೇರಿನ ಗುರುತು ಹಲ್ಲಿನ ಮಧ್ಯದಲ್ಲೇ ಇತ್ತು. ಪೀಣ್ಯದ ಅದೇ ಮೇಸ್ತ್ರಿ ಈಗ ಇನ್ನೊಬ್ಬರ ಕಾರಿಗೆಂದು ಪ್ಲೇಟಿನ ಅಳತೆ ಕೇಳುತ್ತಿದ್ದಾರೆ. ನನಗೆ ಸದ್ಯ ಬೇಕಿರುವುದು ಎರಡನೇ ಗೇರಿನ ಒಳ್ಳೆಯ ಸಿಂಕ್ರೋ ರಿಂಗ್, ಜೆ.ಸಿ. ರಸ್ತೆಯಲ್ಲಿ ಕೊಡುತ್ತಿರುವ ನಕಲಿ ಮಾಲು ಒಂದು ರೇಸ್ ಮುಗಿಯುವುದರೊಳಗೆ ಸವೆಯುತ್ತಿದೆ.