‘ಆಕ್ಸ್‌ಫರ್ಡ್‌ನಲ್ಲಿ ಓದಿದ ರಾಜ’ ಅಂದರೆ ಏನು? ಯುರೋಪಿನ ಅರಮನೆ ಮಕ್ಕಳ ಓದನ್ನು ಬಿಡಿಸಿ ನೋಡುವುದು ಹೇಗೆ

ಒಮ್ಮೆ ನಮ್ಮ ಆಫೀಸಿನ ಕ್ವಿಜ್‌ಗೆ ಪ್ರಶ್ನೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ‘ಸ್ನಾತಕೋತ್ತರ ಪದವಿ ಪಡೆದ ಬ್ರಿಟನ್ ಯುವರಾಜ ಯಾರು?’ ಅಂತ ಬರೆದು, ಉತ್ತರ ವಿಲಿಯಂ ಅಂತ ಇಟ್ಟೆ. ಸೇಂಟ್ ಆಂಡ್ರ್ಯೂಸ್‌ನಲ್ಲಿ ಎಂ.ಎ. ಅಂತ ಕಣ್ಣಾರೆ ಓದಿದ್ದೆನಲ್ಲ. ಸ್ಕಾಟ್ಲೆಂಡ್‌ನಲ್ಲಿ ಓದಿ ಬಂದ ಸಹೋದ್ಯೋಗಿಯೊಬ್ಬರು ಎದ್ದು, ‘ಅದು ನಮ್ಮ ಬಿ.ಎ. ಇದ್ದ ಹಾಗೆ ಕಣ್ರೀ’ ಅಂದುಬಿಟ್ಟರು. ಪ್ರಶ್ನೆ ರದ್ದಾಯಿತು, ಮಾನವೂ ಹೋಯಿತು. ಆಮೇಲೆ ರಾಜಮನೆತನದವರ ಓದಿನ ಬಗ್ಗೆ ಏನೇ ಕಂಡರೂ ಒಂದು ಸಲ ಜಾಲಿಸಿ ನೋಡುವುದು ಅಭ್ಯಾಸವಾಗಿದೆ. ನೀವೂ ಕ್ವಿಜ್ ಮಾಡುವವರಾದರೆ, ಲೇಖನ ಬರೆಯುವವರಾದರೆ, ಅಥವಾ ಮನೆಯಲ್ಲಿ ಸುಮ್ನೆ ವಾದ ಗೆಲ್ಲಬೇಕಿದ್ದರೆ, ಈ ದಾರಿ ಹಿಡಿಯಿರಿ.

ಮೊದಲು ಕ್ರಿಯಾಪದ ನೋಡಿ. ‘ಓದಿದರು’ ಬೇರೆ, ‘ಪದವಿ ಪಡೆದರು’ ಬೇರೆ. ಕನ್ನಡದ ಸುದ್ದಿಯಲ್ಲಿ ಎರಡೂ ಕಲಸಿಹೋಗುತ್ತವೆ. ನಾರ್ವೆಯ ಐದನೇ ಹೆರಾಲ್ಡ್ 1960ರಿಂದ 62ರ ತನಕ ಆಕ್ಸ್‌ಫರ್ಡ್‌ನ ಬೇಲಿಯಲ್ ಕಾಲೇಜಿನಲ್ಲಿ ಓದಿದ್ದು ನಿಜ, ಆದರೆ ಅಲ್ಲಿಂದ ಡಿಗ್ರಿ ತಂದಿಲ್ಲ. ಡೆನ್ಮಾರ್ಕ್‌ನ ಎರಡನೇ ಮಾರ್ಗರೆಟೆ ಅವರದ್ದು ಇನ್ನೂ ಮಜ. ಕೋಪನ್‌ಹೇಗನ್, ಕೇಂಬ್ರಿಜ್, ಆರ್‌ಹುಸ್, ಪ್ಯಾರಿಸ್ಸಿನ ಸಾರ್ಬೋನ್, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಅಂತ ಐದು ಹೆಸರು ಸಾಲಾಗಿ ಬರುತ್ತವೆ. ಐದು ಡಿಗ್ರಿ ಅಂದುಕೊಳ್ಳಬೇಡಿ. ಒಂದೊಂದು ಕಡೆ ಒಂದೊಂದು ವರ್ಷದ ಲೆಕ್ಕ. ಕೇಂಬ್ರಿಜ್‌ನಲ್ಲಿ ಸಿಕ್ಕಿದ್ದು ಪುರಾತತ್ವದ ಡಿಪ್ಲೊಮಾ. ಹಾಗಂತ ಅವರಿಗೆ ವಿದ್ಯೆ ಕಮ್ಮಿ ಅಂತಲ್ಲ, ಪುರಾತತ್ವದ ಉತ್ಖನನಕ್ಕೆ ತಾವೇ ಇಳಿದವರು. ಪಟ್ಟಿ ಉದ್ದವಿದ್ದಷ್ಟೂ ಜಾಸ್ತಿ ಅನುಮಾನ ಪಡಿ ಅಂತ ಹೇಳುತ್ತಿದ್ದೇನೆ, ಅಷ್ಟೇ.

ಎರಡನೆಯದು ಡಿಗ್ರಿಯ ಹೆಸರು. ನಾನು ಬಿದ್ದ ಗುಂಡಿ ಇದೇ. ಸ್ಕಾಟ್ಲೆಂಡ್‌ನ ಹಳೆಯ ವಿಶ್ವವಿದ್ಯಾಲಯಗಳು ಕಲಾ ವಿಭಾಗದಲ್ಲಿ ನಾಲ್ಕು ವರ್ಷದ ಮೊದಲ ಡಿಗ್ರಿಗೇ ಎಂ.ಎ. ಅಂತ ಕರೆಯುತ್ತವೆ. ವಿಲಿಯಂ 2001ರಲ್ಲಿ ಸೇಂಟ್ ಆಂಡ್ರ್ಯೂಸ್ ಸೇರಿ, ಕಲಾ ಇತಿಹಾಸದಿಂದ ಭೂಗೋಳಕ್ಕೆ ಬದಲಾಗಿ, 2005ರಲ್ಲಿ ಮುಗಿಸಿದರು. ಕೇಂಬ್ರಿಜ್‌ನ ಎಂ.ಎ. ಇನ್ನೂ ವಿಚಿತ್ರ. ಬಿ.ಎ. ಆದವರು ಕೆಲವು ವರ್ಷ ಕಾದರೆ ಸಾಕು, ಪರೀಕ್ಷೆ ಇಲ್ಲದೇ ಅದು ಕೈಗೆ ಬರುತ್ತದೆ. ಮೂರನೇ ಚಾರ್ಲ್ಸ್ 1970ರಲ್ಲಿ ಕೇಂಬ್ರಿಜ್‌ನಿಂದ ಬಿ.ಎ. ಪಡೆದರು. ಡಿಗ್ರಿ ಪಡೆದ ಮೊದಲ ಬ್ರಿಟಿಷ್ ಯುವರಾಜ ಅವರೇ. 1975ರಲ್ಲಿ ಬಂದ ಎಂ.ಎ. ಈ ಪದ್ಧತಿಯದ್ದು.

ಕ್ಲಾಸ್ ಕೂಡ ನೋಡಿ. ಬ್ರಿಟನ್ನಿನಲ್ಲಿ 70ರ ಮೇಲೆ ಬಂದರೆ ಫಸ್ಟ್, 60ರಿಂದ 69ಕ್ಕೆ 2:1 (ಸೆಕೆಂಡ್ ಕ್ಲಾಸಿನ ಮೇಲಿನ ಭಾಗ), 50ರಿಂದ 59ಕ್ಕೆ 2:2 (ಕೆಳಗಿನ ಭಾಗ). ವಿಲಿಯಂ ಮತ್ತು ಅವರ ಹೆಂಡತಿ ಕ್ಯಾಥರೀನ್ ಇಬ್ಬರದೂ 2:1, ಚಾರ್ಲ್ಸ್ ಮತ್ತು ಅವರ ತಮ್ಮ ಎಡ್ವರ್ಡ್ ಇಬ್ಬರದೂ 2:2. ನಮ್ಮ ಕಡೆ ಶೇ 95 ತೆಗೆದ ಮಕ್ಕಳಿಗೇ ಬೈಯುವ ಮನೆಗಳಿವೆ, ಅವರ 65ನ್ನು ನಮ್ಮ 65ರ ಜೊತೆ ಇಟ್ಟು ತೂಗಬೇಡಿ. ಅಲ್ಲಿ 70 ದಾಟುವುದೇ ದೊಡ್ಡ ಮಾತು.

ಸೀಟು ಹೇಗೆ ಸಿಕ್ಕಿತು ಅನ್ನುವುದು ಬೇರೆಯೇ ಪ್ರಶ್ನೆ. ಎಡ್ವರ್ಡ್ 1983ರಲ್ಲಿ ಕೇಂಬ್ರಿಜ್‌ನ ಜೀಸಸ್ ಕಾಲೇಜು ಸೇರಿದಾಗ ಅವರ ಎ ಲೆವೆಲ್ (ನಮ್ಮ ಪಿಯುಸಿಯಂಥ ಪರೀಕ್ಷೆ) ಗ್ರೇಡ್ ಒಂದು ಸಿ, ಎರಡು ಡಿ. ಬೇರೆಯವರು ಅಷ್ಟಕ್ಕೆ ಗೇಟಿನ ಹತ್ತಿರವೂ ಹೋಗಲಾರರು. ಅಲ್ಲಿನ ವಿದ್ಯಾರ್ಥಿಗಳು ಗಲಾಟೆ ಮಾಡಿದರು, ಮಾಡಿದ್ದು ಸರಿಯೇ ಅಂತ ನನಗೆ ಅನಿಸುತ್ತದೆ. ಹ್ಯಾರಿಯ ವಿಷಯದಲ್ಲಿ ಈ ರಗಳೆಯೇ ಇಲ್ಲ. ಈಟನ್ ಶಾಲೆಯಲ್ಲಿ ಕಲೆಗೆ ಬಿ, ಭೂಗೋಳಕ್ಕೆ ಡಿ, ಆಮೇಲೆ ಯೂನಿವರ್ಸಿಟಿಯ ಸುದ್ದಿಗೇ ಹೋಗದೆ ನೇರ ಸ್ಯಾಂಡ್‌ಹರ್ಸ್ಟ್ ಮಿಲಿಟರಿ ಅಕಾಡೆಮಿ.

ಕಾಲೇಜು ಯಾವುದು, ಡಿಗ್ರಿ ಕೊಡುವವರು ಯಾರು ಅನ್ನುವುದನ್ನೂ ಬೇರೆ ಮಾಡಿ. ಇದು ನಮಗೆ ಕಷ್ಟವಲ್ಲ. ಬೆಂಗಳೂರಿನ ಯಾವುದೋ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೂತು, ಸರ್ಟಿಫಿಕೇಟನ್ನು ಬೆಳಗಾವಿಯ ವಿಟಿಯುದಿಂದ ತಂದವರು ಎಲ್ಲರ ಮನೆಯಲ್ಲೂ ಇದ್ದಾರೆ. ಸ್ಪೇನ್‌ನ ಕಿರಿಯ ರಾಜಕುಮಾರಿ ಸೋಫಿಯಾ 2025ರಲ್ಲಿ ಲಿಸ್ಬನ್‌ನ ಫಾರ್ವರ್ಡ್ ಕಾಲೇಜು ಸೇರಿದರು, ಅಲ್ಲಿನ ಆ ಕೋರ್ಸಿಗೆ ಡಿಗ್ರಿ ಕೊಡುವುದು ಲಂಡನ್ ವಿಶ್ವವಿದ್ಯಾಲಯ. ಟ್ರಿನಿಟಿ ಕಾಲೇಜು ಅಂತ ಬರೆದಿದ್ದರಂತೂ ಊರಿನ ಹೆಸರು ಕೇಳಲೇಬೇಕು. ಕೇಂಬ್ರಿಜ್, ಆಕ್ಸ್‌ಫರ್ಡ್, ಡಬ್ಲಿನ್ ಮೂರರಲ್ಲೂ ಒಂದೊಂದು ಇದೆ. ಚಾರ್ಲ್ಸ್ ಓದಿದ್ದು ಕೇಂಬ್ರಿಜ್‌ನದ್ದರಲ್ಲಿ.

ಈಗ ಒಂದು ಹಾಳೆ ತಗೊಂಡು ವರ್ಷಗಳನ್ನು ಬರೆಯಿರಿ. ನಡುವೆ ಖಾಲಿ ಜಾಗ ಕಂಡರೆ ಸಾಮಾನ್ಯವಾಗಿ ಅಲ್ಲಿ ಸೇನೆ ಇರುತ್ತದೆ. ಸ್ಪೇನ್‌ನ ಯುವರಾಣಿ ಲಿಯೊನೊರ್ ಶಾಲೆ ಮುಗಿಸಿ 2023ರಲ್ಲಿ ಸಾರಗೋಸಾದ ಭೂಸೇನೆ ಅಕಾಡೆಮಿ, 2024ರಲ್ಲಿ ಮರೀನ್‌ನ ನೌಕಾ ಶಾಲೆ, 2025ರಲ್ಲಿ ಸಾನ್ ಹಾವಿಯೆರ್‌ನ ವಾಯುಸೇನೆ ಅಕಾಡೆಮಿ ಸೇರಿದರು. ಅಲ್ಲಿನ ಸಂವಿಧಾನದ ಪ್ರಕಾರ ರಾಜ ಅಥವಾ ರಾಣಿಯೇ ಸೇನೆಯ ಮಹಾದಂಡನಾಯಕ, ಅದಕ್ಕೆ ಈ ಕ್ರಮ. ಅವರ ಅಪ್ಪ ಆರನೇ ಫಿಲಿಪೆ ಕೂಡ ಮೊದಲು ಮೂರೂ ಅಕಾಡೆಮಿ ಸುತ್ತಿ, ಆಮೇಲೆ ಮ್ಯಾಡ್ರಿಡ್‌ನಲ್ಲಿ ಕಾನೂನು ಓದಿ, 1995ರಲ್ಲಿ ಅಮೆರಿಕದ ಜಾರ್ಜ್‌ಟೌನ್‌ನಲ್ಲಿ ನಿಜವಾದ ಸ್ನಾತಕೋತ್ತರ ಪದವಿ ಪಡೆದರು. ಬೆಲ್ಜಿಯಂನ ಎಲಿಸಬೆತ್ ಒಂದು ವರ್ಷ ಮಿಲಿಟರಿ ಅಕಾಡೆಮಿಯಲ್ಲಿದ್ದು, ಆಕ್ಸ್‌ಫರ್ಡ್‌ನ ಲಿಂಕನ್ ಕಾಲೇಜಿನಲ್ಲಿ ಇತಿಹಾಸ, ರಾಜಕೀಯ ಓದಿ, 2024ರಲ್ಲಿ ಹಾರ್ವರ್ಡ್ ಸೇರಿದರು. 2025ರ ಮೇ ತಿಂಗಳಲ್ಲಿ ಟ್ರಂಪ್ ಸರ್ಕಾರ ಹಾರ್ವರ್ಡ್‌ಗೆ ವಿದೇಶಿ ವಿದ್ಯಾರ್ಥಿಗಳೇ ಬೇಡ ಅಂದಾಗ, ನಮ್ಮ ಮಕ್ಕಳ ಹಾಗೆ ಈ ಭಾವಿ ರಾಣಿಯ ಸೀಟೂ ತೂಗುಯ್ಯಾಲೆಯಲ್ಲಿತ್ತು.

ಎಲ್ಲ ಖಾಲಿ ಜಾಗವೂ ಸೇನೆಯದ್ದಲ್ಲ. ಸ್ವೀಡನ್ನಿನ ವಿಕ್ಟೋರಿಯಾ 1996ರಲ್ಲಿ ಶಾಲೆ ಮುಗಿಸಿ, ಫ್ರಾನ್ಸಿನ ಆಂಜೆ, ಅಮೆರಿಕದ ಯೇಲ್ ಎಲ್ಲ ಸುತ್ತಿ, ಬ್ಯಾಚುಲರ್ ಡಿಗ್ರಿ ಪಡೆದದ್ದು 2009ರಲ್ಲಿ, ಉಪ್ಸಾಲಾದಿಂದ. ಅವರಿಗೆ ಡಿಸ್ಲೆಕ್ಸಿಯಾ ಇದೆ, ಅಪ್ಪನಿಗೂ ಇದೆ. ಇಬ್ಬರೂ ಅದನ್ನು ಮುಚ್ಚಿಟ್ಟಿಲ್ಲ.

ಶಾಲೆಯ ಹೆಸರಿನ ಹಿಂದೆ ಯಾರಿದ್ದಾರೆ ಅಂತ ಹುಡುಕುವುದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಯುರೋಪಿನ ಅರಮನೆ ಮಕ್ಕಳ ಶಾಲೆಗಳನ್ನು ಸಾಲಾಗಿ ಇಟ್ಟರೆ ಒಬ್ಬ ಮೇಷ್ಟ್ರು ಪದೇ ಪದೇ ಎದುರಾಗುತ್ತಾರೆ. ಹೆಸರು ಕುರ್ಟ್ ಹಾನ್. ಜರ್ಮನಿಯ ಯಹೂದಿ. 1920ರಲ್ಲಿ ಬಾಡೆನ್‌ನ ರಾಜಕುಮಾರ ಮ್ಯಾಕ್ಸ್ ಜೊತೆ ಸಾಲೆಮ್ ಶಾಲೆ ಕಟ್ಟಿದರು. ಹಿಟ್ಲರನ ವಿರುದ್ಧ ಮಾತಾಡಿದ್ದಕ್ಕೆ 1933ರಲ್ಲಿ ಜೈಲು ಸೇರಿ, ಬಿಡುಗಡೆಯಾಗಿ ಬ್ರಿಟನ್ನಿಗೆ ಹೋಗಿ, 1934ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಗಾರ್ಡನ್ಸ್‌ಟನ್ ಶುರು ಮಾಡಿದರು. ಸಾಲೆಮ್‌ನಲ್ಲಿದ್ದ ಹುಡುಗ ಫಿಲಿಪ್, ಮುಂದೆ ಎರಡನೇ ಎಲಿಜಬೆತ್ ಗಂಡನಾದವರು, ಅಲ್ಲಿಗೂ ಹೋದರು. ಬೆಳಗಿನ ಓಟ, ತಣ್ಣೀರು ಸ್ನಾನ, ದೋಣಿ, ಬೆಟ್ಟ. ಫಿಲಿಪ್‌ಗೆ ಅದು ಹಿಡಿಸಿತು, ಮಗ ಚಾರ್ಲ್ಸ್‌ನನ್ನೂ ಅಲ್ಲಿಗೇ ಹಾಕಿದರು. ಚಾರ್ಲ್ಸ್‌ಗೆ ಒಂಚೂರೂ ಹಿಡಿಸಲಿಲ್ಲ. ತಮ್ಮ ಮಕ್ಕಳನ್ನು ಅವರು ಈಟನ್‌ಗೆ ಕಳಿಸಿದರು. ಅಪ್ಪ ಓದಿದ ಶಾಲೆಯಲ್ಲೇ ಮಗನೂ ಓದಬೇಕು ಅನ್ನುವ ಹಟ ಅರಮನೆಗೂ ಬಿಟ್ಟಿಲ್ಲ, ಅಲ್ವಾ?

ಹಾನ್ ಅಷ್ಟಕ್ಕೇ ನಿಲ್ಲಲಿಲ್ಲ. ಅವರ ಯೋಚನೆಯಿಂದಲೇ 1962ರಲ್ಲಿ ವೇಲ್ಸ್‌ನ ಸಮುದ್ರದ ದಂಡೆಯಲ್ಲಿ, ಸೇಂಟ್ ಡೊನಾಟ್ಸ್ ಎಂಬ ಹಳೇ ಕೋಟೆಯಲ್ಲಿ ಅಟ್ಲಾಂಟಿಕ್ ಕಾಲೇಜು ಶುರುವಾಯಿತು. ಈಗಿನ ಡಚ್ ರಾಜ ವಿಲೆಮ್ ಅಲೆಕ್ಸಾಂಡರ್ ಅಲ್ಲಿಂದ 1985ರಲ್ಲಿ ಹೊರಬಿದ್ದರು. ಅವರ ಎರಡನೇ ಮಗಳು ಅಲೆಕ್ಸಿಯಾ, ಎಲಿಸಬೆತ್, ಲಿಯೊನೊರ್, ಸೋಫಿಯಾ ಎಲ್ಲ ಅದೇ ಕಾಲೇಜು. ಪತ್ರಿಕೆಗಳು ಇದನ್ನು ರಾಜಕುಮಾರಿಯರ ಶಾಲೆ ಅಂತ ಬಣ್ಣಿಸುತ್ತವೆ. ಪೂರ್ತಿ ನಿಜವಲ್ಲ. ಇಲ್ಲಿ ಸ್ಕಾಲರ್‌ಶಿಪ್ ಮೇಲೆ ಬಂದ ಬಡ ದೇಶಗಳ ಮಕ್ಕಳೂ ಅದೇ ಡಾರ್ಮಿಟರಿಯಲ್ಲಿ ಇರುತ್ತಾರೆ. ಗಟ್ಟಿ ತಳ, ಗಾಳಿ ತುಂಬಿದ ಅಂಚು ಇರುವ ರಕ್ಷಣಾ ದೋಣಿ ಇದೆಯಲ್ಲ, ಅದು ರೂಪುಗೊಂಡದ್ದು ಇಲ್ಲಿನ ಮಕ್ಕಳ ಕೈಯಲ್ಲಿ. ಇದೇ ಯುನೈಟೆಡ್ ವರ್ಲ್ಡ್ ಕಾಲೇಜಸ್ ಬಳಗದ ಇನ್ನೊಂದು ಕಾಲೇಜು 1997ರಿಂದ ಪುಣೆಯ ಹತ್ತಿರವಿದೆ. ಮನೆಯಲ್ಲಿ ಹದಿನಾರರ ಆಸುಪಾಸಿನ ಮಕ್ಕಳಿದ್ದರೆ ಗಮನಿಸಿ, ಹೆಚ್ಚಿನ ದೇಶಗಳಲ್ಲಿ ಒಂದು ಆಯ್ಕೆ ಸಮಿತಿ ಇರುತ್ತದೆ, ಅರ್ಜಿ ಸಾಮಾನ್ಯವಾಗಿ ಅದರ ಮೂಲಕ ಹೋಗುತ್ತದೆ.

ಹೆಸರು ಸಿಗದಿದ್ದರೆ ಗಾಬರಿಯಾಗಬೇಡಿ, ಬೇರೆ ಹೆಸರಿನಲ್ಲಿ ಓದಿರಬಹುದು. ಡೆನ್ಮಾರ್ಕ್‌ನ ಈಗಿನ ರಾಜ ಹತ್ತನೇ ಫ್ರೆಡರಿಕ್ ಹಾರ್ವರ್ಡ್‌ನಲ್ಲಿ ಇದ್ದದ್ದು ಫ್ರೆಡರಿಕ್ ಹೆನ್ರಿಕ್ಸನ್ ಅಂತ. ಅಪ್ಪನ ಹೆಸರು ಹೆನ್ರಿಕ್, ಅದಕ್ಕೆ ಹಾಗೆ. ವಿಲಿಯಂ ವಿಷಯದಲ್ಲಿ ಹೆಸರಿನ ಬದಲು ಪತ್ರಿಕೆಗಳ ಜೊತೆ ಒಪ್ಪಂದವಾಗಿತ್ತು, ಓದು ಮುಗಿಯುವ ತನಕ ಹುಡುಗನನ್ನು ಬಿಟ್ಟುಬಿಡಿ ಅಂತ. ಎಲ್ಲರೂ ಸೇಂಟ್ ಆಂಡ್ರ್ಯೂಸ್ ಬಿಟ್ಟು ಹೊರಟ ಮೇಲೂ ಒಂದು ಕ್ಯಾಮೆರಾ ತಂಡ ಉಳಿದುಕೊಂಡಿತ್ತು. ಯಾರದ್ದು ಅಂತೀರಿ? ಸ್ವಂತ ಚಿಕ್ಕಪ್ಪ ಎಡ್ವರ್ಡ್ ಅವರ ಟಿವಿ ಕಂಪನಿಯದ್ದು!

ಗೌನ್ ಹಾಕಿಕೊಂಡ ಫೋಟೊ ನಂಬಲೇಬೇಡಿ. ಗೌರವ ಡಾಕ್ಟರೇಟ್ ಅಂದರೆ ಏನು ಅಂತ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಫಿಲಿಪ್ ಯಾವ ವಿಶ್ವವಿದ್ಯಾಲಯಕ್ಕೂ ಹೋದವರಲ್ಲ, ಆದರೂ 2011ರ ತನಕ 30ಕ್ಕೂ ಹೆಚ್ಚು ವರ್ಷ ಕೇಂಬ್ರಿಜ್‌ನ ಚಾನ್ಸಲರ್ ಆಗಿದ್ದರು. ಮಗಳು ಆ್ಯನ್ ಕೂಡ ಕಾಲೇಜು ಮೆಟ್ಟಿಲು ಹತ್ತಿಲ್ಲ, 1981ರಿಂದ ಲಂಡನ್ ವಿಶ್ವವಿದ್ಯಾಲಯದ ಚಾನ್ಸಲರ್. ನಮ್ಮ ರಾಜ್ಯಪಾಲರು ಕುಲಾಧಿಪತಿ ಆಗಿರುತ್ತಾರಲ್ಲ, ಹೆಚ್ಚುಕಮ್ಮಿ ಅದೇ ತರಹ. ಇನ್ನು ಎರಡನೇ ಎಲಿಜಬೆತ್ ಶಾಲೆಗೇ ಹೋಗಿಲ್ಲ. ಮನೆಪಾಠ, ಜೊತೆಗೆ ಈಟನ್‌ನ ಹೆನ್ರಿ ಮಾರ್ಟನ್ ಅವರಿಂದ ಸಂವಿಧಾನದ ಇತಿಹಾಸ.

ಕೊನೆಗೆ, ಅರಮನೆಯ ಅಧಿಕೃತ ತಾಣ ಮತ್ತು ವಿಶ್ವವಿದ್ಯಾಲಯದ ಪ್ರಕಟಣೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಊರಿನ ಹೆಸರೊಂದೇ ಸಾಕು ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಮೈಸೂರೇ ಉದಾಹರಣೆ. ಮೊನಾಕೊದ ಎರಡನೇ ಆಲ್ಬರ್ಟ್ ಆಮ್‌ಹರ್ಸ್ಟ್‌ನಲ್ಲಿ ಓದಿದವರು, ನಮ್ಮ ಯದುವೀರ್ ಒಡೆಯರ್ ಕೂಡ ಆಮ್‌ಹರ್ಸ್ಟ್‌ನಲ್ಲೇ ಓದಿದವರು. ಒಂದೇ ಕಾಲೇಜಾ? ಅಲ್ಲ. ಆಲ್ಬರ್ಟ್ ಓದಿದ್ದು ಆಮ್‌ಹರ್ಸ್ಟ್ ಕಾಲೇಜು ಎಂಬ ಚಿಕ್ಕ ಖಾಸಗಿ ಕಾಲೇಜಿನಲ್ಲಿ, ಯದುವೀರ್ ಓದಿದ್ದು ಅದೇ ಊರಿನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ. ಈ ಸಲದ ಕ್ವಿಜ್‌ಗೆ ನಾನು ಇಟ್ಟುಕೊಂಡಿರುವ ಪ್ರಶ್ನೆ ಇದೇ, ದಯವಿಟ್ಟು ನಮ್ಮ ಆಫೀಸಿನವರಿಗೆ ಹೇಳಬೇಡಿ.