ಪ್ರಾಂಗ್‌ಹಾರ್ನ್ ಬೇಟೆಗೆ ಬಿಲ್ಲು-ಬಾಣ: ನಾನು ಜೋಡಿಸಿಕೊಂಡ ಬಗೆ

ಬಿಲ್ಲು ಕೊಳ್ಳುವ ಮೊದಲು, ಬೇಟೆಗೆ ಮರೆಯಾಗಿ ಕೂರುವ ಬಟ್ಟೆಯ ಗುಡಾರದ ಒಳಗನ್ನು ಅಳೆಯಿರಿ. ಅಮೆರಿಕದ ವಯೋಮಿಂಗ್ ರಾಜ್ಯದ ಬಯಲಿನಲ್ಲಿ ಸೇಜ್ ಪೊದೆ ಬಿಟ್ಟರೆ ಮರೆಯೇ ಇಲ್ಲ, ಅಲ್ಲಿನ ಜಿಂಕೆಯಂಥ ಪ್ರಾಣಿ ಪ್ರಾಂಗ್‌ಹಾರ್ನ್‌ನ ಕಣ್ಣೋ ಬಲು ಚುರುಕು. ಹಾಗಾಗಿ ಆಗಸ್ಟ್ ಬಿಸಿಲಿನಲ್ಲಿ ನೀರಿನ ಹೊಂಡದ ಪಕ್ಕ ಗುಡಾರದಲ್ಲಿ ಕೂತು, 15ರಿಂದ 18 ಗಜದೊಳಗೆ ಬಾಣ ಬಿಡುವುದು ನನ್ನ ಕ್ರಮ. (ನೋಡಲು ರಾಣೆಬೆನ್ನೂರಿನ ಕೃಷ್ಣಮೃಗ ನೆನಪಾದರೂ ಇದು ಬೇರೆಯೇ ವಂಶ. ನಮ್ಮಲ್ಲಿ ಕೃಷ್ಣಮೃಗದ ಬೇಟೆಗೆ 1972ರ ಕಾಯ್ದೆಯ ನಿಷೇಧವಿದೆ; ಅಲ್ಲಿ ಪ್ರಾಂಗ್‌ಹಾರ್ನ್‌ಗೆ ಪರವಾನಗಿ ಸಿಗುತ್ತದೆ.)

68 ಇಂಚಿನ ಲಾಂಗ್‌ಬೋ (ನೀಳ ಬಿಲ್ಲು) ಕೈಗೆ ಎಷ್ಟೇ ಹಿತವಾಗಿದ್ದರೂ ಗುಡಾರದೊಳಗೆ ಅದರ ಮೇಲ್ತುದಿ ಬಟ್ಟೆಗೆ ತಾಗುತ್ತದೆ, ಕೆಳತುದಿ ಸ್ಟೂಲಿಗೆ ಬಡಿಯುತ್ತದೆ. ನಾನು ಆರಿಸಿದ್ದು 60 ಇಂಚಿನ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು; 28 ಇಂಚು ಎಳೆದಾಗ ಅದರ ಎಳೆತದ ಬಲ 45 ಪೌಂಡ್. ನಿಂತು 55 ಪೌಂಡ್ ಎಳೆಯುವವರಿಗೂ ತಾಸುಗಟ್ಟಲೆ ಮುದುಡಿ ಕೂತ ಮೇಲೆ ಅದು ಭಾರವೇ. ಪೂರ್ತಿ ಎಳೆಯದೆ ಒಂದಿಂಚು ಕಡಿಮೆಯಾದರೆ ಎರಡು-ಮೂರು ಪೌಂಡ್ ಹೋಯಿತು, ಬಾಣ ಗುರಿಗಿಂತ ಕೆಳಗೆ ಬಿತ್ತು. ಗಂಡಿನ ತೂಕವೇ ಸುಮಾರು 50 ಕಿಲೋ; ಅದಕ್ಕೆ 45 ಪೌಂಡ್ ಧಾರಾಳ ಸಾಕು.

ವೇಗದ ಹಿಂದೆ ಬೀಳಬೇಡಿ. ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹೋದರೆ ಸದ್ದು 1,100 ಅಡಿಗೂ ಹೆಚ್ಚು ಓಡುತ್ತದೆ. 20 ಗಜದಲ್ಲಿ ಬಾಣ ಮುಟ್ಟುವ ಮುನ್ನ ಪ್ರಾಣಿಗೆ ಸೆಕೆಂಡಿನ ಹತ್ತಿರಹತ್ತಿರ ಮೂರನೇ ಒಂದು ಭಾಗ ಸಿಗುತ್ತದೆ. ಅದು ಮೈ ತಗ್ಗಿಸಿ ತಿರುಗಲು ಅಷ್ಟು ಸಾಕು. ಬಾಣದ ವೇಗವನ್ನು ಹತ್ತು ಅಡಿ ಹೆಚ್ಚಿಸಿದರೂ ಈ ಲೆಕ್ಕ ಬದಲಾಗದು. ಸದ್ದು ತಗ್ಗಿಸಿದರೆ ಬದಲಾದೀತು.

ಅದಕ್ಕೇ ಭಾರದ ಬಾಣ: ಪ್ರತಿ ಪೌಂಡ್ ಎಳೆತಕ್ಕೆ ಹತ್ತು ಗ್ರೇನ್ (ಬಾಣದ ತೂಕದ ಅಳತೆ). ನನ್ನದು 500 ಸ್ಪೈನ್‌ನ (ಕಡ್ಡಿ ಎಷ್ಟು ಬಾಗುತ್ತದೆಂಬ ಅಳತೆ) ಕಾರ್ಬನ್ ಕಡ್ಡಿ, 50 ಗ್ರೇನ್ ಹಿತ್ತಾಳೆ ಇನ್ಸರ್ಟ್ (ಕಡ್ಡಿಯ ಮುಂತುದಿಯೊಳಗೆ ಕೂರುವ, ಮೊನೆ ಸಿಕ್ಕಿಸುವ ತುಂಡು), 150 ಗ್ರೇನ್‌ನ ಎರಡಲಗಿನ ಬ್ರಾಡ್‌ಹೆಡ್ (ಬೇಟೆಯ ಅಗಲ ಮೊನೆ). ಒಟ್ಟು ಸುಮಾರು 465 ಗ್ರೇನ್, ಅಂದರೆ 30 ಗ್ರಾಂ. ಹಗುರ ಬಾಣ ಹೀರಿಕೊಳ್ಳದ ಶಕ್ತಿಯೆಲ್ಲ ಬಿಲ್ಲಿನಲ್ಲೇ ಉಳಿದು ನಡುಕವೂ ಸದ್ದೂ ಆಗುತ್ತದೆ. ಹೆದೆಯ ಎರಡೂ ತುದಿಯಿಂದ ಕಾಲು ಭಾಗದಷ್ಟು ಒಳಗೆ ಉಣ್ಣೆಯ ಕುಚ್ಚು ಕಟ್ಟಿ. ಆಮೇಲೆ ಹೆದೆಗೂ ಹಿಡಿಗೂ ನಡುವಿನ ಅಂತರವನ್ನು ಏಳೂವರೆ ಇಂಚಿನಿಂದ ಶುರುಮಾಡಿ, ಹೆದೆಯನ್ನು ಹುರಿ ಮಾಡುತ್ತ ಅರೆಕಾಲು ಇಂಚಿನಂತೆ ಏರಿಸಿ. ಒಂದು ಹಂತದಲ್ಲಿ ಸದ್ದು ತಟ್ಟನೆ ಮಂದವಾಗುತ್ತದೆ. ಅಲ್ಲೇ ನಿಲ್ಲಿಸಿ.

ಕಡ್ಡಿಯನ್ನು ಅಂಗಡಿಯಲ್ಲೇ ಕತ್ತರಿಸಿಕೊಳ್ಳುವುದು ದೊಡ್ಡ ತಪ್ಪು. ಪೂರ್ತಿ ಉದ್ದದಲ್ಲೇ ತಂದು, ಅಷ್ಟೇ ತೂಕದ ಅಭ್ಯಾಸದ ಮೊನೆ ಹಾಕಿ, ಗರಿಯಿಲ್ಲದ ಬಾಣವನ್ನೂ ಗರಿಯಿರುವುದನ್ನೂ 15 ಗಜದಿಂದ ಬಿಟ್ಟು ನೋಡಿ. ಬಲಗೈಯವರಿಗೆ ಗರಿಯಿಲ್ಲದ್ದು ಬಲಕ್ಕೆ ಬಿದ್ದರೆ ಕಡ್ಡಿ ಮೆತ್ತಗಿದೆ. ಕಾಲಿಂಚು ಕತ್ತರಿಸಿ ಮತ್ತೆ ಬಿಡಿ. ಎಡಕ್ಕೆ ಬಿದ್ದರೆ ಬಿರುಸು, ಮೊನೆಯ ತೂಕ ಹೆಚ್ಚಿಸಿ. ಕೆಳಗೆ ಬಿದ್ದರೆ ಹೆದೆಯ ಮೇಲಿನ ನಾಕ್ ಗುರುತು (ಬಾಣದ ಹಿಂತುದಿ ಸಿಕ್ಕಿಸುವ ಜಾಗ) ಎತ್ತರದಲ್ಲಿದೆ, ಇಳಿಸಿ. ನನ್ನ ಕಡ್ಡಿ ಕೊನೆಗೆ 30 ಇಂಚಿಗೆ ನಿಂತಿತು. ಇಷ್ಟು ಮಾಡದೆ ಬ್ರಾಡ್‌ಹೆಡ್ ಸಿಕ್ಕಿಸಿದರೆ ಅದರ ಅಲಗೇ ಗಾಳಿ ಹಿಡಿದು ಬಾಣವನ್ನು ಓರೆ ಎಳೆಯುತ್ತದೆ. ಗರಿ ಐದಿಂಚಿನದಾದರೆ ಬಯಲಿನ ಅಡ್ಡಗಾಳಿಗೆ ಹೆಚ್ಚು ಸಿಕ್ಕುತ್ತದೆ. ತುದಿ ದುಂಡಗಿನ ನಾಲ್ಕಿಂಚಿನವು ಮೂರು ಸಾಕು.

ಅಲಗು ತೋಳಿನ ರೋಮ ಬೋಳಿಸುವಷ್ಟು ಹರಿತವಿರಲಿ. ಬತ್ತಳಿಕೆಯ ಗಟ್ಟಿ ಫೋಮ್‌ಗೆ ಚುಚ್ಚಿ ತೆಗೆದು ಮಾಡಿದರೆ ಆ ಹರಿತ ಹೋಗುತ್ತದೆ. ಮುಂಜಾನೆ ಚರ್ಮದ ಪಟ್ಟಿಯ ಮೇಲೆ ಮತ್ತೆ ಎಳೆದುಕೊಳ್ಳಿ.

ಅಭ್ಯಾಸವನ್ನೂ ಅದೇ ಸ್ಟೂಲಿನ ಮೇಲೆ, ಅದೇ ಗುಡಾರದೊಳಗೆ, ಬಿಲ್ಲನ್ನು ಓರೆ ಹಿಡಿದೇ ಮಾಡಿ. ಹಿಂಬದಿಯ ಕಿಟಕಿಗಳನ್ನೆಲ್ಲ ಮುಚ್ಚಿ, ಕಪ್ಪು ಅಂಗಿ ತೊಡಿ. ಪ್ರಾಣಿ ನೀರಿಗೆ ಮೂತಿಯಿಟ್ಟ ತಕ್ಷಣ ಎಳೆಯಬೇಡಿ, ಎರಡು-ಮೂರು ಸಲ ಥಟ್ಟನೆ ತಲೆಯೆತ್ತಿ ನೋಡುವುದು ಅದರ ಅಭ್ಯಾಸ. ನಿಜವಾಗಿ ಕುಡಿಯತೊಡಗಿ, ಪೂರ್ತಿ ಪಕ್ಕೆ ತೋರಿಸಿ ನಿಂತಾಗ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿಯಿಡಿ. ಎದುರಿನಿಂದ ಬಾಣ ಬಿಡಲೇಬೇಡಿ. ಹಿಂದಿನ ರಾತ್ರಿ ಮಳೆ ಸುರಿದಿದ್ದರೆ ಬಯಲೆಲ್ಲ ಗುಂಡಿಗಳಲ್ಲಿ ನೀರಿರುತ್ತದೆ. ಅಂದು ಹೊಂಡದ ಬಳಿ ಕಾಯುವುದು ವ್ಯರ್ಥ.